ಹೊಗೆಯ ಹೊಸ ಸಾಧನವೂ ಆಳುವವರ ಆಜ್ಞೆಯೂ: ವಿದ್ಯುತ್ ಸಿಗರೇಟಿನ ನಿಷೇಧವನ್ನು ಕುರಿತು ಒಂದು ಚಾರಿತ್ರಿಕ ವಿಚಾರ

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಈ ಮೂರು ಊರುಗಳ ಯಾವ ಪಾನಪಟ್ಟಿ ಅಂಗಡಿಯ ಮುಂದೆ ನಿಂತರೂ ಬೀಡಿಯ ಕಟ್ಟುಗಳೂ ಸಿಗರೇಟಿನ ಪಾಕೀಟುಗಳೂ ತಂಬಾಕಿನ ಪೊಟ್ಟಣಗಳೂ ಕಣ್ಣಿಗೆ ಬೀಳುತ್ತವೆ. ಸರಕಾರಕ್ಕೆ ತೆರಿಗೆ ಸಲ್ಲಿಸಿ, ಹೊದಿಕೆಯ ಮೇಲೆ ರೋಗದ ಚಿತ್ರವನ್ನು ಅಚ್ಚು ಹಾಕಿಸಿಕೊಂಡು ಬಂದ ಈ ಸರಕು ಕಾಯಿದೆಯ ಮೇರೆಯೊಳಗೆಯೇ ಮಾರಲ್ಪಡುತ್ತದೆ. ಅದೇ ಅಂಗಡಿಕಾರನು ಬೆರಳುದ್ದದ ಒಂದು ವಿದ್ಯುತ್ ಸಿಗರೇಟನ್ನು ಮಾರಿದನಾದರೆ ಮೊದಲ ತಪ್ಪಿಗೆ ಒಂದು ವರ್ಷದ ವರೆಗಿನ ಸೆರೆವಾಸ, ಇಲ್ಲವೆ ಒಂದು ಲಕ್ಷ ರೂಪಾಯಿಗಳ ವರೆಗಿನ ದಂಡ, ಇಲ್ಲವೆ ಇವೆರಡಕ್ಕೂ ಗುರಿಯಾಗುತ್ತಾನೆ. ತಪ್ಪು ಮರುಕಳಿಸಿದರೆ ಸೆರೆವಾಸವು ಮೂರು ವರ್ಷಕ್ಕೂ ದಂಡವು ಐದು ಲಕ್ಷಕ್ಕೂ ಏರಬಹುದು. ಇದು 2019ನೆಯ ಇಸವಿಯ 42ನೆಯ ಕೇಂದ್ರ ಕಾಯಿದೆಯ ವಿಧಿ. ಸುಡುವ ತಂಬಾಕು ಸಮ್ಮತ, ಸುಡದೆ ಸೇದುವ ತಂಬಾಕಿನ ಸತ್ವ ನಿಷಿದ್ಧ ಎಂಬ ಈ ವ್ಯವಸ್ಥೆಯು ಹೇಗೆ ಉಂಟಾಯಿತೆಂಬದು ಕೇವಲ ವೈದ್ಯರ ಅಥವಾ ವಕೀಲರ ಪ್ರಶ್ನೆಯಲ್ಲ. ಅದರ ಹಿಂದೆ ನಾಲ್ಕು ನೂರು ವರ್ಷಗಳ ಚರಿತ್ರೆಯಿದೆ. ಆ ಚರಿತ್ರೆಯ ಮೊದಲ ಎಳೆಯು ಹೊರಡುವದು ನಮ್ಮ ವಿಜಾಪುರದಿಂದ. ಆದುದರಿಂದ ಇತಿಹಾಸದ ಪತ್ರಿಕೆಯಲ್ಲಿ ಈ ವಿಷಯವನ್ನು ಎತ್ತಿಕೊಂಡುದಕ್ಕೆ ವಾಚಕರು ಆಕ್ಷೇಪಿಸಲಾರರೆಂದು ನಂಬುತ್ತೇವೆ.

ಪ್ರಕೃತ ಲೇಖನದಲ್ಲಿ ತೋರಿಸಬೇಕಾದದ್ದು ಇಷ್ಟೇ. ಹೊಗೆಯ ಹೊಸ ಸಾಧನವೊಂದು ಬಂದಾಗ ಅದನ್ನು ತೂಗುವ ತಕ್ಕಡಿಯೇ ಬೇರೆ. ಹೊಲದಲ್ಲಿ ಬೇರೂರಿ ಬೊಕ್ಕಸಕ್ಕೆ ಹರಿದುಬರುತ್ತಿರುವ ಹಳೆಯ ಹೊಗೆಯನ್ನು ತೂಗುವ ತಕ್ಕಡಿಯೇ ಬೇರೆ. ಹೊಸದನ್ನು ಕೇಳುವ ಪ್ರಶ್ನೆ, ಇದು ನಿರಪಾಯವೆಂದು ಸಿದ್ಧವಾಗಿದೆಯೆ ಎಂಬದು. ಹಳೆಯದನ್ನು ಕೇಳುವದು, ಇದರ ಮೇಲೆ ಎಷ್ಟು ಸುಂಕ ಹಾಕಬಹುದು ಎಂಬದು. ಈ ಎರಡು ತಕ್ಕಡಿಗಳನ್ನು ಗಮನದಲ್ಲಿಟ್ಟುಕೊಳ್ಳದೆ 2019ರ ಕಾಯಿದೆಯನ್ನು ಹೊಗಳಿದರೂ ತೆಗಳಿದರೂ ಅದರ ಅರ್ಧವನ್ನು ಮಾತ್ರ ಕಂಡಂತಾಗುತ್ತದೆ.

ಮೊದಲು ತಂಬಾಕು ಇಲ್ಲದ ಕಾಲವನ್ನು ನೋಡುವ. ‘ಧೂಮಪಾನ’ ಎಂಬ ಶಬ್ದವು ತಂಬಾಕಿಗಿಂತ ಬಹಳ ಹಳೆಯದು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಸುಗಂಧದ್ರವ್ಯಗಳನ್ನು ಅರೆದು ಬತ್ತಿಯಾಗಿ ಮಾಡಿ, ಒಣಗಿಸಿ, ತುಪ್ಪ ಸವರಿ, ಕೊಳವೆಯ ಮೂಲಕ ಹೊಗೆಯನ್ನು ಸೇವಿಸುವ ವಿಧಾನವು ಹೇಳಲ್ಪಟ್ಟಿದೆ. ಯಾವ ಹೊತ್ತಿನಲ್ಲಿ ಸೇದಬೇಕು, ಯಾರು ಸೇದಬಾರದು, ಮಿತಿ ಮೀರಿದರೆ ಏನು ಕೇಡು ಎಂಬ ನಿಯಮಗಳೂ ಅಲ್ಲಿವೆ. ಆದರೆ ಅದು ವೈದ್ಯನ ಕೈಯೊಳಗಿನ ಚಿಕಿತ್ಸೆ, ಬೀದಿಯ ಚಟವಲ್ಲ. ನಮ್ಮ ಸೀಮೆಯ ಜನರ ನಿತ್ಯಭೋಗವು ತಾಂಬೂಲವಾಗಿತ್ತು. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ತಾಂಬೂಲಭೋಗಕ್ಕೆ ಪ್ರತ್ಯೇಕ ಪ್ರಕರಣವೇ ಉಂಟು. ಧಾರವಾಡ ಸೀಮೆಯ ಶಾಸನಗಳಲ್ಲಿ ಎಲೆಯ ಹೇರಿನ ಮೇಲಿನ ಸುಂಕವನ್ನು ದೇವರಿಗೆ ಬಿಟ್ಟ ದತ್ತಿಗಳು ಹೇರಳವಾಗಿ ದೊರೆಯುತ್ತವೆ. ಸವಣೂರಿನ ಎಲೆಯ ಹೆಸರು ಈಗಲೂ ಉಳಿದಿದೆ. ಬಾಯಿಗೆ ಹಾಕಿಕೊಳ್ಳುವ ಭೋಗವಸ್ತುವಿನ ಮೇಲೆ ಸುಂಕವನ್ನೆತ್ತುವದು ಇಲ್ಲಿಯ ಅರಸರಿಗೆ ತಂಬಾಕು ಬರುವ ಮೊದಲೇ ರೂಢವಾಗಿತ್ತೆಂಬದು ಗಮನಾರ್ಹವಾದ ಸಂಗತಿ.

ತಂಬಾಕು ಅಮೇರಿಕ ಖಂಡದ ಗಿಡ. ಪೋರ್ತುಗೀಜರ ಹಡಗುಗಳಲ್ಲಿ 16ನೆಯ ಶತಮಾನದಲ್ಲಿ ಅದು ನಮ್ಮ ಪಡುವಣ ಕರಾವಳಿಯನ್ನು ಮುಟ್ಟಿತೆಂದು ವಿದ್ವಾಂಸರು ಒಪ್ಪುತ್ತಾರೆ. ಅದೇ ಖಂಡದಿಂದ, ಅದೇ ಹಡಗುಗಳಲ್ಲಿ ಬಂದ ಇನ್ನೊಂದು ಗಿಡವು ಮೆಣಸಿನಕಾಯಿ. ಸಸ್ಯಶಾಸ್ತ್ರಜ್ಞರು ಇವೆರಡನ್ನೂ ಬದನೆಯ ಕುಲಕ್ಕೇ ಸೇರಿಸುತ್ತಾರೆ. ಎಂದರೆ ಇವು ದಾಯಾದಿಗಳು. ಒಬ್ಬ ದಾಯಾದಿಯು ಬ್ಯಾಡಗಿಗೆ ಬಂದು ನೆಲೆನಿಂತು, ಖಾರ ಕಡಿಮೆ, ಬಣ್ಣ ಹೆಚ್ಚು ಎಂಬ ಗುಣದಿಂದ ಊರಿನ ಹೆಸರನ್ನೇ ತನ್ನ ಹೆಸರಾಗಿ ಮಾಡಿಕೊಂಡನು. 2011ರಲ್ಲಿ ಅವನಿಗೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಇನ್ನೊಬ್ಬನು ಹೋದೆಡೆಯಲ್ಲೆಲ್ಲ ದರಬಾರದ ಚರ್ಚೆಗೂ ಬೊಕ್ಕಸದ ಲೆಕ್ಕಕ್ಕೂ ವಿಷಯವಾದನು. ಬ್ಯಾಡಗಿ ಮೆಣಸಿನಕಾಯಿಯ ಸತ್ವವನ್ನು ಕಾರಖಾನೆಗಳಲ್ಲಿ ಹಿಂಡಿ ಬಣ್ಣಕ್ಕಾಗಿ ಪರದೇಶಗಳಿಗೆ ಕಳಿಸುವಂತೆಯೇ, ತಂಬಾಕಿನ ಎಲೆಯ ಸತ್ವವಾದ ನಿಕೋಟಿನ್ನನ್ನೂ ಭಾರತದಲ್ಲಿ ಹಿಂಡಿ ಹೊರಗೆ ಕಳಿಸುತ್ತಾರೆ. ಈ ಮಾತಿಗೆ ಮುಂದೆ ಮರಳಿ ಬರಬೇಕಾಗುವದು.

ಇನ್ನು ವಿಜಾಪುರದ ಸಂಗತಿ. 1604ರ ಸುಮಾರಿಗೆ ಅಕಬರ ಬಾದಶಹನ ಆಸ್ಥಾನಿಕನಾದ ಅಸದ್ ಬೇಗನು ವಿಜಾಪುರಕ್ಕೆ ಬಂದಿದ್ದನು. ಎರಡನೆಯ ಇಬ್ರಾಹಿಮ್ ಆದಿಲಶಹನ ಮಗಳನ್ನು ಶಹಜಾದೆ ದಾನಿಯಾಲನಿಗೆ ಮದುವೆ ಮಾಡಿಕೊಡುವ ಮಾತಾಗಿದ್ದಿತು. ಆ ಕಾರ್ಯವನ್ನು ಕೈಗೂಡಿಸಿ ಕಾಣಿಕೆಗಳೊಡನೆ ಮರಳುವದು ಅವನ ಕೆಲಸ. ಆ ಕಾಲಕ್ಕೆ ಇಂದಿನ ಹಾವೇರಿ ಜಿಲ್ಲೆಯ ಬಂಕಾಪುರವು ವಿಜಾಪುರದವರ ಕೈಸೇರಿ ಸುಮಾರು ಮೂವತ್ತು ವರ್ಷಗಳಾಗಿದ್ದವು. ತಂಬಾಕನ್ನು ತಾನು ಹಿಂದುಸ್ಥಾನದಲ್ಲಿ ಮೊದಲು ಕಂಡದ್ದು ವಿಜಾಪುರದಲ್ಲಿಯೇ ಎಂದು ಅಸದ್ ಬೇಗನು ತನ್ನ ವೃತ್ತಾಂತದಲ್ಲಿ ಬರೆದಿರುವನು. ಉತ್ತರದವರಿಗೆ ಅಪರೂಪವಾದ ಈ ಎಲೆಯು ದಕ್ಷಿಣದಲ್ಲಿ ಆಗಲೇ ದೊರೆಯುತ್ತಿತ್ತೆಂಬದು ಇದರಿಂದ ಸ್ಪಷ್ಟವಾಗುತ್ತದೆ.

ಅವನು ಸಾಮಾನ್ಯ ಚಿಲುಮೆಯನ್ನು ಒಯ್ಯಲಿಲ್ಲ. ಆಚೆಯಿಂದ, ಎಂದರೆ ಸುಮಾತ್ರಾ ದ್ವೀಪದಿಂದ, ಬಂದ ಮೂರು ಮೊಳದ ಕೊಳವೆಗೆ ಎರಡೂ ತುದಿಗಳಲ್ಲಿ ರತ್ನದ ಕೆಲಸ ಮಾಡಿಸಿದನು. ಬಾಯಿಗಿಡುವ ತುದಿಗೆ ಯಮನ್ ದೇಶದ ಕೆಂಪುಕಲ್ಲು. ಬೆಂಕಿಗೆ ಚಿನ್ನದ ಬಟ್ಟಲು. ಆದಿಲಶಹನು ಅವನಿಗೆ ಉಡುಗೊರೆಯಾಗಿ ಕೊಟ್ಟಿದ್ದ ಚೆಲುವಾದ ಎಲೆಅಡಿಕೆಯ ಸಂಚಿಯಲ್ಲಿ ತಂಬಾಕನ್ನು ತುಂಬಿದನು. ಈ ಕೊನೆಯ ವಿವರವು ನಮಗೆ ಬಹಳ ಬೆಲೆಯುಳ್ಳದ್ದಾಗಿ ತೋರುತ್ತದೆ. ತಾಂಬೂಲದ ಸಂಚಿಯೊಳಗೇ ತಂಬಾಕು ಹೊಕ್ಕಿತು! ಕರ್ನಾಟಕದ ಹಳ್ಳಿಗಳಲ್ಲಿ ಮುಂದೆ ಎಲೆ, ಅಡಿಕೆ, ಸುಣ್ಣಗಳ ಜೊತೆಗೆ ತಂಬಾಕಿನ ಎಸಳೂ ಸೇರಿ ನಾಲ್ಕು ಒಂದಾದ ಕಥೆಗೆ ಇದಕ್ಕಿಂತ ಒಳ್ಳೆಯ ಮುನ್ನುಡಿ ಬೇಕಿಲ್ಲ.

ಆಗ್ರಾದಲ್ಲಿ ಬೆಳ್ಳಿಯ ಹರಿವಾಣದ ಮೇಲೆ ಈ ಸಾಧನವನ್ನು ಇಟ್ಟಾಗ ಬಾದಶಹನು ಇದೇನೆಂದು ಕೇಳಿದನು. ಇದು ತಂಬಾಕು, ಮಕ್ಕಾ ಮದೀನಗಳಲ್ಲಿ ಪ್ರಸಿದ್ಧವಾದದ್ದು, ಮದ್ದಾಗಿ ತರಲ್ಪಟ್ಟಿದೆ ಎಂದು ಖಾನ್-ಇ-ಆಜಮನು ಉತ್ತರಿಸಿದನು. ಬಾದಶಹನು ಸೇದಲು ತೊಡಗುತ್ತಲೆ ರಾಜವೈದ್ಯನು ಅಡ್ಡ ಬಂದನು. ಆದರೂ ತಂದವನ ಮನಸ್ಸಿನ ಸಮಾಧಾನಕ್ಕಾಗಿ ಅಕಬರನು ಎರಡು ಮೂರು ಸಲ ಸೇದಿ ಕೊಳವೆಯನ್ನು ಖಾನ್-ಇ-ಆಜಮನಿಗೆ ಕೊಡಿಸಿದನು. ಅನಂತರ ಮದ್ದುಗಳನ್ನು ಬಲ್ಲವನನ್ನು ಕರೆಸಿ ಗುಣದೋಷಗಳನ್ನು ಕೇಳಲಾಗಿ, ತನ್ನ ಗ್ರಂಥಗಳಲ್ಲಿ ಇದರ ಉಲ್ಲೇಖವಿಲ್ಲ, ಇದು ಹೊಸದು, ಯುರೋಪಿನ ವೈದ್ಯರು ಮಾತ್ರ ಹೊಗಳಿ ಬರೆದಿದ್ದಾರೆ ಎಂದು ಅವನು ಹೇಳಿದನು. ಅಷ್ಟಕ್ಕೆ ರಾಜವೈದ್ಯನು, ನಮ್ಮ ಪ್ರಾಜ್ಞರು ಪರೀಕ್ಷಿಸದ ವಸ್ತುವನ್ನು ಪ್ರಭುಗಳು ಸೇವಿಸುವದು ತರವಲ್ಲವೆಂದನು. ಅಸದ್ ಬೇಗನು ಬಿಡಲಿಲ್ಲ. ಯುರೋಪಿನವರೇನು ಮೂಢರಲ್ಲ, ಅವರಲ್ಲೂ ತಿಳಿದವರಿದ್ದಾರೆ. ಪರೀಕ್ಷಿಸುವ ಮೊದಲೇ ತೀರ್ಪು ಕೊಡುವದು ಹೇಗೆ? ಲೋಕದಲ್ಲಿ ಇಂದು ರೂಢಿಯಾಗಿರುವದೆಲ್ಲ ಒಂದು ದಿನ ಹೊಸದೇ ಆಗಿತ್ತಲ್ಲವೆ? ಎಂಬ ಭಾವದ ಮಾತುಗಳಿಂದ ಅವನು ವಾದಿಸಿದನು. ವಾದವು ಬಾದಶಹನಿಗೆ ಮೆಚ್ಚಿಗೆಯಾಯಿತು. ಚಟವು ಮಾತ್ರ ಹಿಡಿಸಲಿಲ್ಲ. ಆದರೆ ತಂದ ತಂಬಾಕು ಅಮೀರರಿಗೆ ಹಂಚಿಹೋಯಿತು, ವರ್ತಕರು ಮಾರತೊಡಗಿದರು, ಸೇದುವ ರೂಢಿಯು ಬೇಗನೆ ಹಬ್ಬಿತು.

ಈ ಪ್ರಸಂಗವನ್ನು ಇಷ್ಟು ವಿಸ್ತಾರವಾಗಿ ಬರೆದದ್ದಕ್ಕೆ ಕಾರಣವಿದೆ. ಇಲ್ಲಿ ವೈದ್ಯನು ತಂಬಾಕು ಕೆಟ್ಟದ್ದೆಂದು ಹೇಳಲಿಲ್ಲ. ಅದು ಗೊತ್ತಿಲ್ಲದ್ದು ಎಂದಷ್ಟೇ ಹೇಳಿದನು. ರಾಯಭಾರಿಯೂ ಅದು ಒಳ್ಳೆಯದೆಂದು ಸಿದ್ಧಮಾಡಲಿಲ್ಲ. ಹೊಸತನವು ದೋಷವಲ್ಲ ಎಂದಷ್ಟೇ ವಾದಿಸಿದನು. ಇಬ್ಬರ ಕೈಯಲ್ಲೂ ಪ್ರಮಾಣವಿರಲಿಲ್ಲ. ವೈದ್ಯನ ಅಂಜಿಕೆಯೇ ಸರಿಯಾಗಿತ್ತೆಂಬದು ತಿಳಿಯಲು ಲೋಕಕ್ಕೆ ಮೂರೂವರೆ ಶತಮಾನಗಳು ಬೇಕಾದವು: ಸಿಗರೇಟಿಗೂ ಪುಪ್ಪುಸದ ಅರ್ಬುದರೋಗಕ್ಕೂ ಇರುವ ಸಂಬಂಧವನ್ನು ಇಂಗ್ಲೆಂಡ ಅಮೇರಿಕಗಳ ಸಂಶೋಧಕರು ದೊಡ್ಡ ಪ್ರಮಾಣದ ಶೋಧನೆಗಳಿಂದ ತೋರಿಸಿದ್ದು 1950ರಲ್ಲಿ. ಆ ಹೊತ್ತಿಗೆ ತಂಬಾಕು ಲೋಕದ ಎಲ್ಲ ಬೊಕ್ಕಸಗಳಲ್ಲೂ ಬೇರುಬಿಟ್ಟಿತ್ತು. ಹೊಸದೆಂಬ ಕಾರಣಕ್ಕೆ ತಡೆಯಬಹುದಾಗಿದ್ದ ಕಾಲದಲ್ಲಿ ಪ್ರಮಾಣವಿರಲಿಲ್ಲ. ಪ್ರಮಾಣವು ದೊರೆತ ಕಾಲದಲ್ಲಿ ಅದು ಹೊಸದಾಗಿರಲಿಲ್ಲ.

ಜಹಾಂಗೀರನು 1617ರಲ್ಲಿ ತಂಬಾಕನ್ನು ನಿಷೇಧಿಸಿ ಫರ್ಮಾನು ಹೊರಡಿಸಿದನು. ಇರಾನದ ಶಹಾ ಅಬ್ಬಾಸನೂ ಅದೇ ಕಾಲಕ್ಕೆ ತನ್ನ ರಾಜ್ಯದಲ್ಲಿ ತಡೆದನು. ಇಂಗ್ಲೆಂಡಿನ ಒಂದನೆಯ ಜೇಮ್ಸನು 1604ರಲ್ಲಿಯೇ ತಂಬಾಕನ್ನು ಖಂಡಿಸಿ ಪುಸ್ತಕ ಬರೆದು, ಜೊತೆಗೆ ಅದರ ಆಮದಿನ ಸುಂಕವನ್ನು ವಿಪರೀತವಾಗಿ ಏರಿಸಿದನು. ಜಹಾಂಗೀರನ ಆಜ್ಞೆಯು ಮುಘಲ ಸೀಮೆಯಲ್ಲಿಯೇ ನಿಲ್ಲಲಿಲ್ಲ. ತಂಬಾಕು ರೈತನ ಹೊಲದಲ್ಲಿ ರೊಕ್ಕದ ಬೆಳೆಯಾಯಿತು. ಆಳುವವರು ಆಜ್ಞೆಯ ಮಾತನ್ನು ಬಿಟ್ಟು ಸುಂಕದ ಮಾತನ್ನು ಹಿಡಿದರು.

ಬೊಕ್ಕಸದ ಈ ನಂಟು ಎಷ್ಟು ಬಿಗಿಯಾಗಬಲ್ಲದೆಂಬದಕ್ಕೆ ಈಸ್ಟ್ ಇಂಡಿಯಾ ಕಂಪನಿಯ ಆಡಳಿತವು ಉದಾಹರಣೆಯನ್ನು ಒದಗಿಸುತ್ತದೆ. ಮದ್ರಾಸ ಸರಕಾರವು 19ನೆಯ ಶತಮಾನದ ಆದಿಯಲ್ಲಿ ಮಲಬಾರ ಮತ್ತು ಕನ್ನಡ ಜಿಲ್ಲೆಗಳಲ್ಲಿ ತಂಬಾಕಿನ ಮಾರಾಟವನ್ನು ತನ್ನ ಏಕಸ್ವಾಮ್ಯಕ್ಕೆ ತೆಗೆದುಕೊಂಡಿತು. ಕರಾವಳಿಯವನು ತಂಬಾಕನ್ನು ಸರಕಾರದ ಬೆಲೆಗೇ ಕೊಳ್ಳಬೇಕಾಯಿತು. ಬೆಲೆ ಏರಿದಲ್ಲಿ ಕಳ್ಳಸಾಗಾಣಿಕೆ ಹುಟ್ಟುವದು ಸಹಜ. ಅದನ್ನು ಹಿಡಿಯಲು ಕಾವಲುಗಾರರು, ಕಾವಲುಗಾರರಿಂದ ಜನರಿಗೆ ಉಪದ್ರವ. ಕೊನೆಗೆ 1853ರಲ್ಲಿ ಈ ಏಕಸ್ವಾಮ್ಯವು ರದ್ದಾಯಿತು. ಆರೋಗ್ಯದ ಸೊಲ್ಲು ಈ ವ್ಯವಹಾರದಲ್ಲಿ ಮೊದಲಿನಿಂದ ಕೊನೆಯ ವರೆಗೂ ಇರಲಿಲ್ಲ. ಹಾವೇರಿ ರಾಣೆಬೆನ್ನೂರುಗಳು ಸೇರಿದ ಧಾರವಾಡ ಜಿಲ್ಲೆಯು ಮುಂದೆ ಮುಂಬಯಿ ಇಲಾಖೆಯಲ್ಲಿದ್ದಾಗ, 1943ರಲ್ಲಿ, ಹಿಂದುಸ್ಥಾನ ಸರಕಾರವು ಯುದ್ಧಕಾಲದ ವೆಚ್ಚಕ್ಕಾಗಿ ದೇಶದಲ್ಲೆಲ್ಲ ತಂಬಾಕಿನ ಮೇಲೆ ಉತ್ಪಾದನಾ ಸುಂಕವನ್ನು ವಿಧಿಸಿತು. ಯುದ್ಧವು ಮುಗಿಯಿತು; ಸುಂಕವು ಮುಗಿಯಲಿಲ್ಲ.

ಸ್ವಾತಂತ್ರ್ಯಾನಂತರದ ಸರಕಾರವು ಇದೇ ದಾರಿಯನ್ನು ಮುಂದುವರಿಸಿತು. 1975ರಲ್ಲಿ ಸಂಸತ್ತು ಎರಡು ಕಾಯಿದೆಗಳನ್ನು ಮಾಡಿತು. ಒಂದು, ಸಿಗರೇಟಿನ ಪಾಕೀಟಿನ ಮೇಲೆ ಆರೋಗ್ಯದ ಎಚ್ಚರಿಕೆಯನ್ನು ಅಚ್ಚುಹಾಕಬೇಕೆಂಬದು. ಇನ್ನೊಂದು, ತಂಬಾಕಿನ ಬೆಳೆಯನ್ನು ಕ್ರಮಪಡಿಸಿ ರಫ್ತನ್ನು ಪೋಷಿಸುವದಕ್ಕಾಗಿ ತಂಬಾಕು ಮಂಡಳಿಯನ್ನು ಸ್ಥಾಪಿಸುವದು. ಗುಂಟೂರಿನಲ್ಲಿ ಮುಖ್ಯಸ್ಥಳವುಳ್ಳ ಆ ಮಂಡಳಿಯ ಹರಾಜುಕಟ್ಟೆಗಳು ನಮ್ಮ ಹುಣಸೂರು ಪಿರಿಯಾಪಟ್ಟಣಗಳಲ್ಲಿಯೂ ನಡೆಯುತ್ತವೆ. ಒಂದೇ ವರ್ಷದಲ್ಲಿ ಒಂದು ಕೈಯಿಂದ ಎಚ್ಚರಿಕೆ, ಇನ್ನೊಂದು ಕೈಯಿಂದ ಉತ್ತೇಜನ! ಇದನ್ನು ಕಪಟವೆಂದು ಕರೆಯುವದು ಸುಲಭ; ಆದರೆ ಹಾಗೆ ಕರೆಯುವವರು ನಿಪ್ಪಾಣಿಯನ್ನು ನೆನೆಯಬೇಕು. 1981ರಲ್ಲಿ ಬೀಡಿ ತಂಬಾಕಿಗೆ ನ್ಯಾಯವಾದ ಬೆಲೆಯನ್ನು ಬೇಡಿ ಅಲ್ಲಿಯ ಬೆಳೆಗಾರರು ಹೆದ್ದಾರಿಯಲ್ಲಿ ಕುಳಿತರು. ಏಪ್ರಿಲ್ ತಿಂಗಳಲ್ಲಿ ಪೋಲೀಸರ ಗೋಳಿಬಾರಿಗೆ ರೈತರು ಬಲಿಯಾದರು. ಎಲೆಯ ಹಿಂದೆ ಹೊಲವಿದೆ, ಹೊಲದ ಹಿಂದೆ ಸಾಲವಿದೆ, ಮನೆಯಿದೆ. ಯಾವ ಸರಕಾರವೂ ಅದನ್ನು ಒಂದು ಆಜ್ಞಾಪತ್ರದಿಂದ ಅಳಿಸಲಾರದು.

ವಿದ್ಯುತ್ ಸಿಗರೇಟಿಗೆ ಇಂಥ ಹೊಲವಿರಲಿಲ್ಲ. ಅದರ ಹುಟ್ಟನ್ನು ಸಂಕ್ಷೇಪವಾಗಿ ಹೇಳಬಹುದು. ಅಮೇರಿಕದ ಹರ್ಬರ್ಟ್ ಗಿಲ್ಬರ್ಟನು ತಂಬಾಕೂ ಹೊಗೆಯೂ ಇಲ್ಲದ ಸಿಗರೇಟೊಂದಕ್ಕೆ 1965ರಲ್ಲಿ ಪೇಟೆಂಟ್ ಪಡೆದನು. ಅದನ್ನು ಯಾರೂ ಕೊಳ್ಳಲಿಲ್ಲ. 2003ರಲ್ಲಿ ಹೊನ್ ಲಿಕ್ ಎಂಬ ಚೀನದ ಔಷಧಶಾಸ್ತ್ರಜ್ಞನು ಇಂದಿನ ಸಾಧನದ ಮೂಲರೂಪವನ್ನು ನಿರ್ಮಿಸಿದನು. ಒಂದು ಬ್ಯಾಟರಿ, ಕಾಯುವ ತಂತಿಯ ಸುರುಳಿ, ಒಂದು ದ್ರವ. ದ್ರವದಲ್ಲಿ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ನಿಕೋಟಿನ್, ಮತ್ತು ಹಣ್ಣಿನದೋ ಪುದೀನದ್ದೋ ಪರಿಮಳ. ಸೇದಿದಾಗ ತಂತಿ ಕಾಯ್ದು ದ್ರವವು ಮಂಜಿನಂತೆ ಹೊರಡುತ್ತದೆ. ಎಲೆ ಉರಿಯುವದಿಲ್ಲವಾದ್ದರಿಂದ ಡಾಂಬರಿನಂಥ ಮಸಿಯೂ ಇಂಗಾಲದ ವಿಷಾನಿಲವೂ ಸಿಗರೇಟಿನಲ್ಲಿದ್ದಂತೆ ಇದರಲ್ಲಿ ಇರುವದಿಲ್ಲ. ಚಟ ಹಿಡಿಸುವ ನಿಕೋಟಿನ್ ಮಾತ್ರ ಇದ್ದೇ ಇರುತ್ತದೆ. ಜನರು ಇದನ್ನು ಇ-ಸಿಗರೇಟು, ವೇಪ್ ಮುಂತಾಗಿ ಕರೆಯುತ್ತಾರೆ.

ಇದನ್ನು ಯಾವ ಕಾಯಿದೆಯ ಕೆಳಗೆ ತರಬೇಕೆಂಬದೇ ಮೊದಲನೆಯ ತೊಡಕಾಯಿತು. ಕನ್ನಡದಲ್ಲಿ ‘ಮದ್ದು’ ಎಂಬ ಒಂದೇ ಮಾತು ಔಷಧಕ್ಕೂ ಸಲ್ಲುತ್ತದೆ, ಮದ್ದು ಹಾಕಿ ಕೊಲ್ಲುವ ವಿಷಕ್ಕೂ ಸಲ್ಲುತ್ತದೆ. ನಿಕೋಟಿನ್ನಿನ ವಿಷಯದಲ್ಲಿ ಸರಕಾರಗಳೂ ಈ ಎರಡು ಅರ್ಥಗಳ ನಡುವೆಯೇ ತೂಗಾಡಿದವು. ಅನುಮತಿಯಿಲ್ಲದ ಔಷಧವೆಂದು ಬಗೆದು 1940ರ ಔಷಧ ಕಾಯಿದೆಯನ್ನು ಹಿಡಿದವರು ಕೆಲವರು. ಪಂಜಾಬವು ಈ ದಾರಿಯಲ್ಲಿ ಮೊದಲು ನಡೆಯಿತು. ವಿಷವೆಂದು ಬಗೆದವರು ಕೆಲವರು. ಕರ್ನಾಟಕ ಸರಕಾರವು 2016ರ ಜೂನ್ ತಿಂಗಳಲ್ಲಿ ಇದರ ತಯಾರಿಕೆ, ಮಾರಾಟ, ಹಂಚಿಕೆಗಳನ್ನು ನಿಷೇಧಿಸಿತು. ಹೀಗಾಗಿ ಹಾವೇರಿಯಲ್ಲಿ ಈ ನಿಷೇಧವು ದೇಶದ ಕಾಯಿದೆಗಿಂತ ಮೂರು ವರ್ಷ ಹಿಂದಿನದು. 2018ರ ಆಗಸ್ಟಿನಲ್ಲಿ ಕೇಂದ್ರ ಆರೋಗ್ಯ ಇಲಾಖೆಯು ಎಲ್ಲ ರಾಜ್ಯಗಳಿಗೂ ಹಾಗೆಯೇ ಮಾಡುವಂತೆ ಸೂಚಿಸಿತು. ಆದರೆ 2019ರ ಮಾರ್ಚದಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು, ಮೇಲ್ನೋಟಕ್ಕೆ ಇದು ಔಷಧವಲ್ಲವೆಂದು ಕಂಡು, ಔಷಧ ನಿಯಂತ್ರಕರ ಸುತ್ತೋಲೆಯನ್ನು ತಡೆಹಿಡಿಯಿತು. ಮದ್ದಲ್ಲದ್ದನ್ನು ಮದ್ದಿನ ಕಾಯಿದೆಯಿಂದ ತಡೆಯಲಾಗದೆಂದಾಗ ಹೊಸ ಕಾಯಿದೆಯೇ ಬೇಕಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಸಂಪೂರ್ಣ ನಿಷೇಧವನ್ನು ಶಿಫಾರಸು ಮಾಡಿತು. ಸಪ್ಟೆಂಬರ 18ರಂದು ಸುಗ್ರೀವಾಜ್ಞೆ ಹೊರಟಿತು. ನವೆಂಬರ 27ರಂದು ಲೋಕಸಭೆಯೂ ಡಿಸೆಂಬರ 2ರಂದು ರಾಜ್ಯಸಭೆಯೂ ಮಸೂದೆಯನ್ನು ಅಂಗೀಕರಿಸಿದವು.

ವಾದದ ಎರಡೂ ಪಕ್ಷಗಳಲ್ಲಿ ಸತ್ಯಾಂಶವಿದೆಯೆಂಬದನ್ನು ಮರೆಮಾಚಬಾರದು. ನಿಷೇಧವಾದಿಗಳು ಅಮೇರಿಕದ ಕಡೆಗೆ ಕೈತೋರಿಸಿದರು. ಅಲ್ಲಿ ಶಾಲೆಯ ಹುಡುಗರಲ್ಲಿ ಈ ಚಟವು ಹಬ್ಬಿದ ವೇಗವನ್ನು ಕಂಡು ಅಲ್ಲಿಯ ಸರ್ಜನ್ ಜನರಲರು 2018ರ ಡಿಸೆಂಬರದಲ್ಲಿ ಅದನ್ನು ಪಿಡುಗೆಂದೇ ಸಾರಿದ್ದರು. ಬೀಡಿಯನ್ನು ಮುಟ್ಟದ ಹುಡುಗನು ಮಾವಿನ ಪರಿಮಳಕ್ಕೆ ಮಾರುಹೋಗಬಹುದು. ಒಮ್ಮೆ ನಿಕೋಟಿನ್ನಿಗೆ 길್ಲದೆ ಒಳಗಾದವನು ಅದರಿಂದ ಬಿಡಿಸಿಕೊಳ್ಳುವದು ಕಷ್ಟ.